ಏಳು ನಿಮಿಷ ಮುಂದೆ

ಜವರಯ್ಯನ ಕೈಗಡಿಯಾರ ಏಳು ನಿಮಿಷ ಮುಂದಿತ್ತು.
ವಿರಿಜಾ ನಾಲೆಯ ಹದಿನೇಳನೇ ತೂಬಿನ ಕೆಳಗೆ
ಗದ್ದೆ ಇದ್ದವರಿಗೆಲ್ಲ ಗೊತ್ತಿದ್ದ ಮಾತು.
ರೇಡಿಯೊ ಆರೂವರೆ ಅಂದರೆ ಅವನದು ಆರು ಮೂವತ್ತೇಳು.
ತಿರುಗಿಸಿಕೊಳ್ಳೋ ಸರಿಯಾಗಿ ಅಂದರೆ
ಬೀಡಿ ಕಚ್ಚಿಕೊಂಡೇ ನಗುತ್ತಿದ್ದ:
ನೀರು ರೇಡಿಯೊ ಕೇಳಾಕಿಲ್ಲ ಕಣವ್ವ.

ನೀರುಗಂಟಿ. ಹೆಸರಲ್ಲೇ ಅರ್ಧ ನೀರು, ಅರ್ಧ ಗಂಟೆ.
ಪಟ್ಟಿ ಹರಿದರೆ ಗೋಣಿದಾರ,
ದಾರ ಕೊಳೆತರೆ ಸೈಕಲ್ ಟ್ಯೂಬಿನ ಚೂರು.
ಗಾಜಿನೊಳಗೆ ಆವಿ ಕೂತು ಐದೂ ಆರೂ ಅಳಿಸಿಹೋಗಿದ್ದವು.
ಹಗಲಿನ ಐದು ಆರು ಯಾರಿಗೆ ಬೇಕು,
ಜಗಳ ಹುಟ್ಟುವುದೆಲ್ಲ ಒಂದರಿಂದ ಮೂರರ ನಡುವೆ.

ನಮ್ಮಪ್ಪ ಅವನ ಕೈಗೆ ಕಾಸನ್ನು
ಮೇಲಿಂದ ಬಿಡುತ್ತಿದ್ದ, ತಾಗದ ಹಾಗೆ.
ಅದೇ ಅಪ್ಪ ರಾತ್ರಿ ಬದುವಿನ ಮೇಲೆ ಲಾಟೀನು ಎತ್ತಿ
ಅದೇ ಕೈ ಮೇಲೆ ಬಗ್ಗುತ್ತಿದ್ದ
ಮೂಗು ತಾಗುವಷ್ಟು,
ಟೈಮೆಷ್ಟಾಯ್ತು ಜವರ, ಇನ್ನೆಷ್ಟು ಹೊತ್ತು ಅಂತ.
ನಾನು ಪಕ್ಕದಲ್ಲೇ ನಿಂತಿದ್ದೆ, ಎಂಟು ವರ್ಷದವಳು.
ಆಗ ಏನೂ ಅನ್ನಿಸಲಿಲ್ಲ.

ಒಂದು ವರ್ಷ ಯಾರೋ ದೂರು ಕೊಟ್ಟರು:
ಸರದಿಗೆ ಏಳು ನಿಮಿಷ ಕದೀತಾನೆ.
ಅರಳಿಕಟ್ಟೆ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆದರು.
ಬಿಡುವುದೂ ಏಳು ಮುಂಚೆ, ಕಟ್ಟುವುದೂ ಏಳು ಮುಂಚೆ,
ಯಾರ ನೀರೂ ಕಳೆದಿಲ್ಲ.
ಮತ್ಯಾಕೆ ಮುಂದಿಟ್ಟಿದ್ದೀಯ ಅಂದರು.
ಜವರಯ್ಯ ಮಣಿಕಟ್ಟು ಕೆರೆದುಕೊಂಡ, ಎದ್ದುಹೋದ.

ನನ್ನ ಮದುವೆಯಲ್ಲಿ ಗಂಡಿಗೆ ಅಂತ ಕೊಟ್ಟ ವಾಚು
ಬೀರುವಿನಲ್ಲಿ ಮಲಗಿದೆ, ಡಬ್ಬಿ ಸಮೇತ,
ಕೆಸರು ಕಂಡಿಲ್ಲ. ಕೀಲಿ ಕೊಟ್ಟರೆ ಇವತ್ತೂ ಓಡುತ್ತೆ.
ಎಲ್ಲಿಗೆ ಓಡಬೇಕು ಅದು?

ಅಣ್ಣನ ಮಗ ಹೇಮಂತನದು ಬೇರೆ ಜಾತಿ ವಾಚು:
ಹೆಜ್ಜೆ ಎಣಿಸುತ್ತೆ, ಎದೆಬಡಿತ ಎಣಿಸುತ್ತೆ,
ನಿದ್ದೆಗೂ ಮಾರ್ಕು ಹಾಕುತ್ತೆ.
ಒಂದು ರಾತ್ರಿ ನನ್ನ ಕೈಗೆ ಕಟ್ಟಿದ, ನೋಡೋಣ ಅತ್ತೆ ಅಂತ.
ಬೆಳಿಗ್ಗೆ ನನ್ನ ನಿದ್ದೆ ಸೊನ್ನೆ ಅಂತ ತೋರಿಸಿತು.
ಅವತ್ತು ನಮ್ಮ ಸರದಿ ಇತ್ತಲ್ಲಪ್ಪ ಅಂದೆ.
ಅಂಚಿಗೆ ಕೂತ ಕೆಸರನ್ನು
ಹಲ್ಲುಕಡ್ಡಿಯಲ್ಲಿ ಅರ್ಧ ದಿನ ತೆಗೆದ ಪಾಪ.

ಜವರಯ್ಯ ಹೋದಮೇಲೆ ಎರಡು ಬೆಳೆ ಫೋನಿನಲ್ಲೇ ನಡೆಯಿತು.
ಎಲ್ಲರ ಜೇಬಲ್ಲೂ ಒಂದೇ ಟೈಮು, ಕೂದಲೆಳೆ ಆಚೀಚೆ ಇಲ್ಲ.
ಆದರೂ ಎರಡು ನಲವತ್ತು ಅಂದರೆ
ಕೊನೇ ಗದ್ದೆಯವಳಿಗೆ ಎಂದೂ ಎರಡು ನಲವತ್ತಲ್ಲ.
ನಿಂತೇ ಇರುತ್ತಿದ್ದೆ, ಸೊಳ್ಳೆ ಹೊಡೆದುಕೊಂಡು.
ಫೋನು ಪ್ಲಾಸ್ಟಿಕ್ ಕವರಲ್ಲಿ ಸೊಂಟಕ್ಕೆ,
ಕೈ ಮೊಳಕೈವರೆಗೆ ಮಣ್ಣು,
ಒದ್ದೆ ಬೆರಳನ್ನು ಆ ಗಾಜು
ಮನುಷ್ಯರದು ಅಂತಲೇ ಒಪ್ಪುವುದಿಲ್ಲ.

ಈ ಸಲ ಹಲಗೆಗೆ ನಿಂತವಳು ಅವನ ಮಗಳು ಸುಕನ್ಯ.
ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡ್ ಎದುರು
ಚೌಕಾಸಿ ಮಾಡಿ ಒಂದು ವಾಚು ತಂದಳಂತೆ, ನೂರ ಎಂಬತ್ತಕ್ಕೆ.
ಟೀ ಅಂಗಡಿ ಹುಡುಗರು ನಕ್ಕರು.
ಬಲಗೈಗೆ ಕಟ್ಟಿದ್ದಾಳೆ,
ಗುದ್ದಲಿ ಹಿಡಿಯುವುದು ಎಡಗೈ.

ನಿನ್ನೆ ರಾತ್ರಿ ನಮ್ಮದು, ಎರಡು ನಲವತ್ತಕ್ಕೆ.
ದೂರದಲ್ಲಿ ಅವಳ ಟಾರ್ಚು ಆಡಿತು,
ಹಲಗೆ ಎಳೆದ ಸದ್ದು.
ಕವರನ್ನು ಹಲ್ಲಲ್ಲಿ ಕಚ್ಚಿ ಫೋನು ತೆಗೆದೆ:
ಎರಡು ಮೂವತ್ತಮೂರು.
ತಿರುಗಿಸಿಕೊಳ್ಳೇ ಸರಿಯಾಗಿ ಅಂತ ಕೂಗಲು
ಬಾಯಿ ತೆರೆದವಳು
ಹಾಗೇ ನಿಂತೆ, ಬರಿಗಾಲಲ್ಲಿ.

ಮೇಲಿನ ಗದ್ದೆಗಳಲ್ಲಿ ಕಪ್ಪೆ ಒಂದೊಂದೇ ಸುಮ್ಮನಾದವು.
ಕಾಲುವೆಯ ಒಣ ತಳದಲ್ಲಿ ಏನೋ ಗೊಣಗುತ್ತಾ
ತಿರುವು ದಾಟಿ, ನಮ್ಮ ಬದು ದಾಟಿ
ಹೆಬ್ಬೆರಳಿಗೆ ತಣ್ಣಗೆ ತಾಗಿದಾಗ
ಫೋನು ಎರಡು ನಲವತ್ತು ತೋರಿಸಿ
ತಾನಾಗೇ ಕಪ್ಪಾಯಿತು.