ನಿದ್ದಿದೇವರು

ಅಕ್ಕಲಕೋಟೆಯಿಂದ ಹನ್ನೊಂದರ ಕೆಂಪು ಗಾಡಿ,
ಇಳಿದಮೇಲೆ ಒಂದೂವರೆ ಮೈಲು ಕಬ್ಬಿನ ನಡುವೆ ಕಾಲುದಾರಿ.
ಕಬ್ಬು ಮುಗಿದಲ್ಲಿ ಭೀಮೆ.
ಹೊಳೆ ಅನ್ನಲೋ ಬೇಡವೋ ಎಂಬಷ್ಟು ನೀರು;
ಉಜನಿ ಬಿಟ್ಟರೆ ಉಂಟು, ಬಿಡದಿದ್ದರೆ ಮರಳು.

ಅಂಗಿಯ ಜೇಬಿನಲ್ಲಿ ಗಸಗಸೆಯ ಪೊಟ್ಟಣ.
ಶೇವಂತಾ ಕಟ್ಟಿಕೊಟ್ಟದ್ದು:
"ಬಂಗಾರದ ರೇಟು ಆಗೇದ, ಎಲ್ಲಾ ಸುರವಬ್ಯಾಡ್ರಿ.
ಅರ್ಧಾ ದೇವರಿಗೆ, ಅರ್ಧಾ ಮನೀಗೆ."

ಮೂವತ್ತೊಂದು ವರ್ಷ ರಾತ್ರಿಪಾಳಿ ಮಾಡಿದವನು.
ಸೊಲ್ಲಾಪುರದ ಚಾದರ ಹೊದ್ದು
ಎಷ್ಟು ಊರು ಮಲಗಿದವೋ ಲೆಕ್ಕವಿಲ್ಲ,
ನೇಯುತ್ತ ನಾನು ಎದ್ದಿದ್ದೆ.
ಹಗಲು ಮಲಗುತ್ತಿದ್ದುದೂ
ಪಕ್ಕದ ಮನೆಯ ಮಗ್ಗದ ಖಟಕ್ ಖಟಕ್ಕಿನೊಳಗೇ.
ಮಗ್ಗಗಳು ಗುಜರಿಗೆ ತೂಕದ ಮೇಲೆ ಹೋಗಿ ಎಂಟು ತಿಂಗಳು.
ಓಣಿ ಈಗ ಗಪ್ಪು.
ಇಷ್ಟು ಗಪ್ಪಿನಲ್ಲಿ ಜನ ಹೇಗೆ ಮಲಗುತ್ತಾರೆ?

ಗುಡಿಯ ಕೀಲಿ ಅಂಬಿಗರ ಸಾಬವ್ವನ ಸೊಂಟದಲ್ಲಿ.
ನನ್ನ ಹಿಂದೆ ಮುಂದೆ ನೋಡಿದಳು.
"ಕೂಸು ಎಲ್ಲಿ?"
"ನಾನs."
ನಗಲಿಲ್ಲ ಮುದುಕಿ. ಕೀಲಿ ತಿರುವಿದಳು.

ಒಳಗೆ ಬಾವಲಿ ವಾಸನೆ, ಹರಳೆಣ್ಣೆಯ ಜಿಡ್ಡು,
ಕಟ್ಟಿದ ತೊಟ್ಟಿಲ ಹಗ್ಗದ ತುಂಡುಗಳು.
ನಡುವೆ ಅವನು, ಕರೀ ಕಲ್ಲು, ಅರೆಮುಚ್ಚಿದ ಕಣ್ಣು,
ಮೂಗು ಎಂದೋ ಹೋಗಿದೆ,
ಬಲಗೈ ಮೊಣಕಾಲು ದಾಟಿ ನೆಲ ಮುಟ್ಟಿದೆ,
ಬಿದ್ದ ಲಾಳಿ ಹುಡುಕುವವನ ಹಾಗೆ.
ಮಲಗದ ಕೂಸಿನ ಹಣೆಯನ್ನು ಆ ಬೆರಳಿಗೆ ಮುಟ್ಟಿಸಿ
ತೊಡೆಯ ಮೇಲೆ ಗಸಗಸೆ ಇಟ್ಟರಾಯಿತು,
ಎಷ್ಟು ಹಟದ ಕೂಸಾದರೂ ಹೊಳೆ ದಾಟುವುದರೊಳಗೆ ನಿದ್ದೆ.

ಹೊರಗೆ ಆಡುಗಳು ಮೈ ತಿಕ್ಕುವ
ಸರಕಾರದ ನೀಲಿ ಹಲಗೆಯಲ್ಲಿ ಮರಾಠಿ: ಬುದ್ಧ.
ನನಗೆ ಓದಲು ಬರುತ್ತದೆ. ಅದೇ ತೊಂದರೆ.
ನನ್ನ ಪಾಳಿಯ ಧಮ್ಮಪಾಲ ಬನಸೋಡೆ
ಕಂಡಿಕೆ ಸುತ್ತುತ್ತ ನೂರು ಸಲ ಹೇಳಿದ್ದ,
ಬುದ್ಧ ಅಂದ್ರ ಎಚ್ಚರಾದಾಂವ, ತಿಳೀತೇನೋ?
ಎದೆಯಲ್ಲಿ ಹತ್ತಿ ತುಂಬಿಕೊಂಡು ಹೋದ ಬನಸೋಡೆ,
ಈ ಹಗ್ಗ, ಈ ಎಣ್ಣೆ ನೋಡಿದ್ದರೆ
ಮುದುಕಿಯ ಜೊತೆ ಜಗಳಕ್ಕೇ ನಿಲ್ಲುತ್ತಿದ್ದ.

ಅವನ ಪರವಾಗಿ ನಾನೇ ಹೇಳಿದೆ:
"ಅವ್ವಾ, ಇಂವ ನಿದ್ದಿ ದೇವರಲ್ಲ,
ನಿದ್ದಿ ಬಿಟ್ಟ ದೇವರು."

ಕಸಬರಿಗೆ ನಿಲ್ಲಿಸದೆ ಸಾಬವ್ವ:
"ಏಳು ಹಡದು ಏಳನ್ನೂ ಮಲಗಿಸೀನಿ.
ಮಲಗಸಾಂವನs ಮೊದಲ ಮಲಗಿಬಿಟ್ರ ಹೆಂಗಪಾ?"

ಉತ್ತರ ಹೊಳೆಯಲಿಲ್ಲ.
ಪೊಟ್ಟಣ ಬಿಚ್ಚಿ ಅರ್ಧ ಸುರಿದೆ,
ಕೈ ಅದುರಿ ಮತ್ತಷ್ಟು ಬಿತ್ತು.
ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.
ಹೊಳೆಯ ಮೆಟ್ಟಿಲಿಗೆ ಹಳೆ ನೆರೆಯ ಗೆರೆಗಳು,
ಒಂದರ ಮೇಲೊಂದು, ಅಳಿಯದ ಅಂಚು.
ಎಣಿಸತೊಡಗಿದೆ, ಅಂಚು ಎಣಿಸುವುದು ಕೈಗೆ ರೂಢಿ.

ಮೂರಕ್ಕೆ ಕರೆಂಟು ಬಂದಿರಬೇಕು.
ಆಚೆ ದಂಡೆಯಲ್ಲಿ ಯಾರದೋ ಕಬ್ಬಿನ ಮೋಟರು,
ಬೇರಿಂಗು ಸವೆದದ್ದು,
ಖಟಕ್, ಆಮೇಲೆ ಖಟಕ್

"ಏಳ್ರಿ, ಕಡೀ ಗಾಡಿ ಹೋತು."
ಹೆಗಲ ಮೇಲೆ ಸಾಬವ್ವನ ಕೈ. ನೀರು ಕೆಂಪಾಗಿತ್ತು.
ಬೆನ್ನಿಗೆ ಮೆಟ್ಟಿಲು ಒತ್ತಿದ ಗುರುತು,
ಬಾಯಿಂದ ಜೊಲ್ಲು, ಕೂಸಿನ ಹಾಗೆ.
ದೇವರೋ ಮೋಟರೋ, ಕೇಳಲು ಹೋಗಲಿಲ್ಲ.

ಕೀಲಿ ಹಾಕುವ ಮುಂಚೆ ಒಮ್ಮೆ ಇಣುಕಿದೆ.
ತೊಡೆಯಿಂದ ಮೊಣಕಾಲಿಗೆ, ಮೊಣಕಾಲಿಂದ ಬೆರಳಿಗೆ,
ಬೆರಳಿಂದ ನೆಲಕ್ಕೆ
ಒಂದೊಂದು ಕಾಳು ಹೊತ್ತ ಕೆಂಪಿರುವೆಯ ಸಾಲು.
ಅವು ಇನ್ನೂ ಪಾಳಿಯ ಮೇಲಿದ್ದವು.
ಅವನೂ.

ರಸ್ತೆಗೆ ಒಂದೂವರೆ ಮೈಲು.
ಪೊಟ್ಟಣದಲ್ಲಿ ಉಳಿದದ್ದು ಅರ್ಧಕ್ಕಿಂತ ಕಡಿಮೆ;
ಶೇವಂತಾಗೆ ಹೇಳಲು ಒಂದು ಸುಳ್ಳು
ಹೊಸೆಯುತ್ತ ನಡೆದೆ.