ಅರ್ಧ ಇಂಚು

ಭಾನುವಾರದ ಪೇಪರಿನೊಳಗಿಂದ ಜಾರಿ ಬೀಳುತ್ತದೆ
ಸೂಪರ್ ಮಾರ್ಕೆಟ್ಟಿನ ಹೊಳಪು ಹಾಳೆ.
ಹೆಂಡತಿ ಡಿಪೋಗೆ ಹೋದ ಮೇಲೆ
ಕಟಿಂಗ್ ಮೇಜಿನ ಮೇಲೆ ಹರವಿ
ಸೀಮೆಸುಣ್ಣದಲ್ಲಿ ಸುತ್ತು ಹಾಕಹೋಗುತ್ತೇನೆ.
ಸುಣ್ಣ ಹತ್ತುವುದಿಲ್ಲ. ಪೆನ್ನು ಹುಡುಕುತ್ತೇನೆ.

ತೊಗರಿಬೇಳೆ ಕೆಜಿಗೆ ಹದಿನೆಂಟು ಕಡಿಮೆ,
ಒಬ್ಬರಿಗೆ ಎರಡೇ ಕೆಜಿ.
ನನಗೆರಡು, ಬೇರೆ ಸಾಲಿನಲ್ಲಿ ಮಗಳು ಇಂಚರಳಿಗೆರಡು.
ಗುರುತೇ ಇಲ್ಲದವಳ ಹಾಗೆ ನಿಲ್ಲುತ್ತಾಳೆ,
ನಗು ಬಂದಾಗ ಕೆಮ್ಮುತ್ತಾಳೆ.

ಬದನೆ ಅರ್ಧ ಬೆಲೆ.
ಎಣ್ಣೆ ಒಂದಕ್ಕೊಂದು ಫ್ರೀ; ತಾರೀಖು ನೋಡಿದರೆ
ಫೆಬ್ರವರಿಗೆ ಅದರ ಆಯಸ್ಸು ಮುಗಿಯಿತು.
ನಮ್ಮನೆಯಲ್ಲಿ ಸಂಕ್ರಾಂತಿ ದಾಟಿದರೆ ದೊಡ್ಡದು.

ಹಳೇ ಬಿಲ್ ಬುಕ್ಕಿನ ಬೆನ್ನಿಗೆ ವಾರ ಬರೆದೆ:
ಸೋಮವಾರ ಮೆಂತ್ಯದ ಬಾತು, ಎಳೇ ಸೊಪ್ಪು ಈಗಲೇ ಅಗ್ಗ,
ಮಂಗಳವಾರ ಮೂಲಂಗಿ ಹುಳಿ,
ಬುಧವಾರ ಅದೇ ಹುಳಿಗೆ ಮುದ್ದೆ.
ಗುರುವಾರದ ಮುಂದೆ ಏನೂ ಬರೆಯಲಿಲ್ಲ.

ಅಳತೆಗಿಂತ ಅರ್ಧ ಇಂಚು ಒಳಗೆ ಬಿಡೋ,
ಅನ್ನುತ್ತಿದ್ದರು ಕೆಲಸ ಕಲಿಸಿದ ಮೇಸ್ತ್ರಿ ಖಲಂದರ್ ಸಾಬರು,
ಮೈ ಬದಲಾಗುತ್ತೆ, ಬಟ್ಟೆಗೆ ಅದು ಗೊತ್ತಿರಲ್ಲ.

ಬುಧವಾರ ರಾತ್ರಿ ಹತ್ತೂಕಾಲು.
ಯೂನಿಫಾರ್ಮಿನ ಮೇಲೆ ಸ್ವೆಟರು, ಕೊರಳಲ್ಲಿ ಚರ್ಮದ ಚೀಲ,
ಕಂಕುಳಲ್ಲಿ ಒಂದು ಗೋಣಿಚೀಲ ಬೇರೆ.
ಹೊಸಕೋಟೆ ಕಡೆಯ ಕೊನೇ ಟ್ರಿಪ್ಪು.
ಅಜ್ಜಿಗೆ ಟಿಕೆಟ್ ಪುಕ್ಕಟೆ, ಮೂಟೆಗೆ ಅಲ್ಲ;
ಮೂಟೆಯದನ್ನು ಇವಳೇ ಕೈಯಿಂದ ಹಾಕಿದಳಂತೆ.
ಮಾರದೆ ಉಳಿದ ಅವರೆಕಾಯಿ ಅಜ್ಜಿ
ಡ್ರೈವರಿಗೆ ಒಂದಿಷ್ಟು, ಇವಳಿಗೆ ಇಷ್ಟು
ಸುರಿದು ಇಳಿದಳಂತೆ ಕತ್ತಲೆಗೆ.

ಲಗ್ಗೆರೆಯ ಒಂದೂವರೆ ಕೋಣೆಗೆ ಸೊಗಡು ನುಗ್ಗಿತು.
ಯಾರದೋ ಸೀಮಂತದ ರೇಷ್ಮೆ ಬ್ಲೌಸನ್ನು ಬೀರುವಿಗೆ ಹಾಕಿ
ಬಾಗಿಲಿಗೆ ಟವೆಲ್ಲು ತುರುಕಿದೆ.
ಹನ್ನೆರಡರವರೆಗೆ ಸುಲಿದೆವು. ಬೆರಳ ತುದಿಗಳು ಕಪ್ಪಾದವು.
ಬಕೆಟ್ಟಿನಲ್ಲಿ ನೆನೆಹಾಕಿ, ಮಲಗಿದೆವು.

ಬೆಳಿಗ್ಗೆ ಮೂವರೂ ಹಿಸುಕುತ್ತ ಕೂತೆವು.
ಚಿಟಕ್ಕೆಂದು ಹಾರಿದ ಕಾಳು ಗೋಡೆಗೆ, ದೇವರ ಪಟಕ್ಕೆ,
ಹೊಲಿಗೆ ಮಿಷನ್ನಿನ ಕೆಳಗೆ.
ಕೊತ್ತಂಬರಿ, ಶುಂಠಿ, ಹಸಿಮೆಣಸು ರುಬ್ಬಿ
ತೆಂಗಿನಕಾಯಿಗೆಂದು ಅಂಗಡಿಗೆ ಓಡಿದೆ, ಪೂರ್ತಿ ರೇಟಿಗೇ ತಂದೆ.

ಎಷ್ಟು ಉಳೀತು, ಲೆಕ್ಕ ಹಾಕು, ಅಂದಳು
ಮುದ್ದೆ ಮುರಿಯುತ್ತ.
ಮೂಟೆಯ ಚಾರ್ಜು, ಕಾಯಿ, ಗ್ಯಾಸು, ನಿದ್ದೆ...
ಬಿಡು, ಅಂದಳು. ಇನ್ನೊಂದು ಸೌಟು ಬಡಿಸಿದಳು.

ಫ್ರಿಜ್ಜಿನಲ್ಲಿ ಅರ್ಧ ಬೆಲೆಯ ಬದನೆ ಮೆತ್ತಗಾಗುತ್ತಿತ್ತು.
ಅದನ್ನು ಶುಕ್ರವಾರಕ್ಕೆ ಬಾಣ ಎಳೆದು ನೂಕಿದೆ,
ಶುಕ್ರವಾರದ್ದು ಶನಿವಾರಕ್ಕೆ.

ಮಾರ್ಚಿಯಲ್ಲಿ, ಮಾವಿನಕಾಯಿ ಚಿತ್ರದ ಹಾಳೆ ಬಂದ ದಿನ,
ಬಾಬಿನ್ ತೆಗೆಯಹೋದರೆ ಒಂದು ಅವರೆಬೇಳೆ ಸಿಕ್ಕಿತು,
ಒಣಗಿ, ತೂತಿಲ್ಲದ ಗುಂಡಿಯ ಹಾಗೆ.
ಎಸೆಯಲು ಮನಸ್ಸಾಗದೆ
ಗುಂಡಿಗಳ ಡಬ್ಬಿಗೇ ಹಾಕಿದೆ.