ನೂರಕ್ಕೆ ಹನ್ನೆರಡು

ಪುರಸಭೆಯ ಕಾಗದ ಬಂದಿದೆ. ನೀಲಿ ಸ್ಲೇಟಿನ ಹಲಗೆ,
ಆರಡಿ ಎತ್ತರ, ಏಳು ಹೆಸರು, ಒಂದು ತಾರೀಖು.
'ಈ ಕಮಿಷನ್ ತಮಗೆ ವಹಿಸಲು ಸಂತೋಷಿಸುತ್ತೇವೆ.'
ಸಂತೋಷ ಟೈಪಿಸ್ಟಿನದು; ಎಲ್ಲ ಕಾಗದಕ್ಕೂ ಅಂಟಿಸುತ್ತಾಳೆ.

ಕೆಲಸ ಕೊಡಿಸಿದ ಎಡಿನ್‌ಬರೊದ ಏಜೆಂಟು ಲೆನಕ್ಸ್
ಫೋನಿನಲ್ಲಿ ಕೆಮ್ಮುತ್ತ ಹೇಳಿದ: ನನ್ನ ಕಮಿಷನ್
ನೂರಕ್ಕೆ ಹನ್ನೆರಡು, ಗೊತ್ತಲ್ಲ ಇಷ್ಬೆಲ್.
ಗೊತ್ತು. ರಾತ್ರಿ ಉಳಿ ಮಸೆಯುತ್ತ ಲೆಕ್ಕ ಹಾಕಿದೆ:
ಏಳು ಹೆಸರಿಗೆ ನೂರಕ್ಕೆ ಹನ್ನೆರಡೆಂದರೆ
ಒಬ್ಬ ಮನುಷ್ಯನಿಗೆ ತುಸು ಕಡಿಮೆ.
ಪೂರಾ ಬೆಳೆದಿರದ ಒಬ್ಬ.
ಐವರ್ ಏರ್ಡ್, ಹದಿನೇಳು, ದೋಣಿಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದವನು.

ಅಪ್ಪನಿಗೆ ಆ ಪದವೆಂದರೆ ಬೆಳಗಿನ ಜಾವದ ನಾಲ್ಕು ಗಂಟೆ.
ಧಕ್ಕೆಯ ಮೇಲೆ ನಿಂತು ಊರವರ ಹ್ಯಾಡಕ್ ಮೀನು
ಹರಾಜು ಕೂಗಿ, ಪೆಟ್ಟಿಗೆಗಿಷ್ಟು ಅಂತ.
ಕೂಗು ಅವನದು, ಮೀನು ಅವನದಲ್ಲ.
ಅಮ್ಮನಿಗೆ ಅದು ಒಲೆಯ ಮೇಲಿನ ಗೋಡೆಯಲ್ಲಿ, ಗಾಜಿನ ಹಿಂದೆ:
ಅಣ್ಣ ನೌಕಾದಳದ ಅಧಿಕಾರಿಯಾದಾಗ
ಮುದ್ರೆಯೊತ್ತಿ ಕಳಿಸಿದ ಕಮಿಷನ್.
ಇಪ್ಪತ್ತು ವರ್ಷ ಮೀನು ಬೇಯಿಸಿದ ಹಬೆಗೆ
ಮೊದಲು ಅಳಿಸಿಹೋದದ್ದು ಸಹಿ.
ಅಣ್ಣನ ಹೆಸರು ಹಾಗೇ ಉಳಿಯಿತು,
ಕೊಟ್ಟವರಿಲ್ಲದ ಅಪ್ಪಣೆ.

ದೋಣಿ ಮುಳುಗಿದ ಮರುವರ್ಷ ಮೂವರು ಬಂದರು, ತಾವೇ ಕಮಿಷನ್ ಎಂದರು.
ಪದ ಎದ್ದು ಬಂದು ಕುರ್ಚಿಯಲ್ಲಿ ಕೂತು ಟೀ ಕೇಳಿದಂತಾಯಿತು.
ಹತ್ತೊಂಬತ್ತು ದಿನ, ಟೌನ್ ಹಾಲಿನ ಮಹಡಿ.
'ಫಿಡೆಲಿಯಾ'ದ ತಳಕ್ಕೆ ನೀರು ನುಗ್ಗಿದಾಗ
ಹೊಡೆದುಕೊಳ್ಳಬೇಕಾದ ಗಂಟೆ ಹೊಡೆದುಕೊಳ್ಳಲಿಲ್ಲವೇಕೆ?
ಔಟ್ ಆಫ್ ಕಮಿಷನ್ ಆಗಿತ್ತು, ಸರ್.
ಮತ್ತೆ ತಪಾಸಣೆಯವನು ಸಹಿ ಹಾಕಿದ್ದು?
ನನ್ನನ್ನು ಕಚೇರಿ ಕಳಿಸಿತು, ಅಂದ ಅವನು.
ನಮಗೆ ಇಲಾಖೆ ಸುತ್ತೋಲೆ ಕಳಿಸಿತ್ತು, ಅಂದಿತು ಕಚೇರಿ.
ಇಲಾಖೆ ವಕೀಲನನ್ನು ಕಳಿಸಿತು.

ಲ್ಯಾಟಿನ್ ಕಲಿಸುತ್ತಿದ್ದ ಮಿಸ್ ಪೆಟ್ರಿ
ಒಮ್ಮೆ ಈ ಪದದ ಸಿಪ್ಪೆ ಸುಲಿದು ತೋರಿಸಿದ್ದರು:
ಒಳಗಿರುವುದು ಕಳಿಸು ಎಂಬ ಕ್ರಿಯಾಪದ, ಅಷ್ಟೇ.
ಕಳಿಸುವವನು ದಡದಲ್ಲೇ ಇರುತ್ತಾನೆಂದು
ಅವರು ಹೇಳಲಿಲ್ಲ. ವ್ಯಾಕರಣದಲ್ಲಿ ಅದಿಲ್ಲ.

ವರದಿ ಇನ್ನೂರ ಹನ್ನೆರಡು ಪುಟ.
'ಮಾಡಿದ ತಪ್ಪು ಯಾವುದೂ ಕಂಡುಬಂದಿಲ್ಲ;
ಮಾಡದೇ ಬಿಟ್ಟವು ಕೆಲವು.'
ನಮ್ಮ ಚರ್ಚಿನಲ್ಲಿ, ಕೈಯಾರೆ ಮಾಡಿದ ಪಾಪಕ್ಕೂ
ಕಮಿಷನ್ ಎಂದೇ ಹೆಸರು.
ಅಂತೂ ಕಮಿಷನ್ನಿಗೆ ಕಮಿಷನ್ ಸಿಗಲಿಲ್ಲ.

ನಿನ್ನೆ ಎಫೀ ಏರ್ಡ್ ಬಂದಳು, ಗಾಲಿಕುರ್ಚಿ, ತೊಡೆಯ ಮೇಲೆ
ನನಗೆಂದು ತಂದ ಬಿಸ್ಕತ್ತಿನ ಡಬ್ಬಿ.
ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದ ಹೆಸರುಗಳನ್ನು
ಕೆಳಗಿನಿಂದ ಓದುತ್ತ ಹೋದಳು:
ವಾಟ್, ಸ್ಟ್ರಾಕನ್, ಮೇರ್, ಕಾರ್ಡಿನರ್, ಬುಕನ್, ಬುಕನ್.
ಅಕ್ಷರಕ್ರಮದಲ್ಲಿ ಮಗ ಎಲ್ಲರಿಗಿಂತ ಮೇಲೆ.
ಅಷ್ಟು ಎತ್ತರಾನಾ, ಅಂದಳು.
ಕೈ ಚಾಚಿ ತೋರಿಸಿದಳು, ತನಗೆ ಎಟುಕುವುದು ಎಲ್ಲಿಯವರೆಗೆಂದು.
ಮತ್ತೇನೂ ಕೇಳಲಿಲ್ಲ. ಬಿಸ್ಕತ್ತು ಶುಂಠಿಯದು.

ಒದ್ದೆ ಬಟ್ಟೆಯಿಂದ ಒರೆಸಿದೆ.
ಅವಳ ಬೆರಳ ತುದಿಯಿಂದ ನೆಲಕ್ಕೆ ಅಳತೆ:
ನಾಲ್ಕಡಿಗೆ ಒಂದಿಂಚು ಕಡಿಮೆ.
ಪುರಸಭೆ ಕೇಳುತ್ತದೆ, ಕ್ರಮ ತಪ್ಪಿಸಲು
ನಿಮಗೆ ಅಧಿಕಾರ ಕೊಟ್ಟವರು ಯಾರು.
ಕಾಗದವಿಲ್ಲ. ಮುದ್ರೆಯಿಲ್ಲ. ಲೆನಕ್ಸ್‌ಗೆ ಇದರಲ್ಲಿ ಪಾಲಿಲ್ಲ.
ಬರೆದುಕೊಳ್ಳಲಿ: ಮಾಡಿದ ತಪ್ಪು, ಒಂದು.

ಬೆಳಗ್ಗೆ ಎದ್ದು ಮೊದಲ ಏಟು ಹಾಕಿದೆ.
ಐವರ್ ಎನ್ನುವ ಹೆಸರಿನ ಐ,
ಇಂಗ್ಲಿಷಿನಲ್ಲಿ ನೆಟ್ಟಗಿನ ಒಂದೇ ಗೀರು.
ನಾನು ಎನ್ನುವುದಕ್ಕೂ ಅದೇ ಅಕ್ಷರ.